ಹುಬ್ಬಳ್ಳಿ ಬಜಾರಿನಲ್ಲಿ ಅಪರಿಚಿತರ ಫೋಟೋ ತೆಗೆಯುವುದು: ಹಂತ ಹಂತವಾಗಿ

ಬಜಾರಿನಲ್ಲಿ ಫೋಟೋ ತೆಗೆಯಲು ಹೊಸದಾಗಿ ಹೊರಟವರ ಚಿತ್ರಗಳನ್ನು ಸಾಲಾಗಿಟ್ಟು ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಥರ ಇರುತ್ತವೆ. ಜನರ ಬೆನ್ನು. ದೂರದಿಂದ ಜೂಮ್ ಮಾಡಿ ಎಳೆದ ಮುಖ. ಅರ್ಧ ಕತ್ತರಿಸಿದ ಸ್ಕೂಟರ್. ಕ್ಯಾಮೆರಾ ಕಂಡು ಕೈ ಅಡ್ಡ ಹಿಡಿದ ಅಂಗಡಿಯವರು. ಎರಡು ಭಾನುವಾರ ಹೀಗೆ ಆದಮೇಲೆ ಕೆಲವರು ದೊಡ್ಡ ಲೆನ್ಸ್ ಕೊಳ್ಳುತ್ತಾರೆ. ಕೆಲವರು ಹೂವು, ಬಾಗಿಲು, ಬೆಕ್ಕಿನ ಫೋಟೋಗೆ ಹೋಗಿಬಿಡುತ್ತಾರೆ.

ಎಡವುವುದು ಕ್ರಮದಲ್ಲಿ. ಜನ ಕಂಡ ಕೂಡಲೇ ಕ್ಯಾಮೆರಾ ಎತ್ತುತ್ತಾರೆ. ಬೆಳಕು ಆಮೇಲೆ ನೆನಪಾಗುತ್ತದೆ. ಹಿನ್ನೆಲೆ ನೋಡುವುದೇ ಇಲ್ಲ. ಮಾತು ಶುರುವಾಗುವುದು ಎದುರಿನವರು ಸಿಟ್ಟಾದ ಮೇಲೆ. ಇದನ್ನು ಪೂರ್ತಿ ತಿರುವಿ ಹಾಕಬೇಕು. ಮೊದಲು ನೀವು ಜನರ ಕಣ್ಣಿಗೆ ಬೀಳಬೇಕು. ಆಮೇಲೆ ಬೆಳಕು ಮತ್ತು ಹಿನ್ನೆಲೆ ಹುಡುಕಬೇಕು. ಕ್ಯಾಮೆರಾ ಕಣ್ಣಿಗೆ ಬರುವುದು ಅದರ ನಂತರ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಯಾವುದನ್ನೂ ಹಾರಿಸಬೇಡಿ.

ಉದಾಹರಣೆಗಳು ಜಾಸ್ತಿ ಹುಬ್ಬಳ್ಳಿಯ ದುರ್ಗದ ಬೈಲ್ ಸುತ್ತಮುತ್ತಲಿನವು. ಧಾರವಾಡದ ಸುಭಾಸ ರೋಡಿಗೂ ಗದಗ, ಹಾವೇರಿಯ ಸಂತೆಗೂ ಇವೇ ಹಂತಗಳು ಸಾಕು.

## ಹಂತ 1: ಸಾಮಾನು ಕಡಿಮೆ ಮಾಡಿ

ಫೋನ್ ಇದ್ದರೆ ಫೋನೇ ಸಾಕು. ಈಗಿನ ಫೋನುಗಳ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಎಂಎಂ ಲೆನ್ಸಿನಷ್ಟು ಅಗಲ ನೋಡುತ್ತದೆ (ಎಂಎಂ ಸಂಖ್ಯೆ ಸಣ್ಣದಾದಷ್ಟು ಕಾಣುವ ಅಗಲ ಜಾಸ್ತಿ). ಬಜಾರಿಗೆ ಅದು ಒಳ್ಳೆಯ ಅಳತೆ.

ಕ್ಯಾಮೆರಾ ಇದ್ದರೆ ಒಂದೇ ಲೆನ್ಸ್ ಒಯ್ಯಿರಿ. ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾಗೆ 35 ಎಂಎಂ, ಅದಕ್ಕಿಂತ ಸಣ್ಣದಾದ ಕ್ರಾಪ್ ಸೆನ್ಸರ್‌ಗೆ 23 ಅಥವಾ 24 ಎಂಎಂ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸೇ ಇದ್ದರೆ ಅದನ್ನು 24ಕ್ಕೆ ತಿರುಗಿಸಿ ಬಿಟ್ಟುಬಿಡಿ, ಮತ್ತೆ ಮುಟ್ಟಬೇಡಿ. 70-300 ಥರದ ಉದ್ದ ಲೆನ್ಸ್ ಮನೆಯಲ್ಲಿರಲಿ. ರಸ್ತೆಯ ಆಚೆಯಿಂದ ಉದ್ದ ಲೆನ್ಸ್ ಹಿಡಿದವರನ್ನು ಜನ ಅನುಮಾನದಿಂದ ನೋಡುತ್ತಾರೆ, ಅದು ಸರಿಯೂ ಹೌದು. ಚಿತ್ರದಲ್ಲೂ ಮುಖವೊಂದು ಬಂದು ಸುತ್ತಲಿನ ಬಜಾರು ಮಸುಕಾಗಿ ಹೋಗುತ್ತದೆ. ಹಾಗಾದರೆ ಅದನ್ನು ದುರ್ಗದ ಬೈಲಿನಲ್ಲಿ ತೆಗೆದರೇನು, ಇನ್ನೆಲ್ಲೋ ತೆಗೆದರೇನು?

ಜೊತೆಗೆ ಲೆನ್ಸ್ ಒರೆಸುವ ಮೆತ್ತಗಿನ ಬಟ್ಟೆ, ಪವರ್ ಬ್ಯಾಂಕ್ ಅಥವಾ ಇನ್ನೊಂದು ಬ್ಯಾಟರಿ, ಮಳೆಗಾಲದಲ್ಲಿ ಒಂದು ಪ್ಲಾಸ್ಟಿಕ್ ಕವರ್, ಚಿಲ್ಲರೆ ದುಡ್ಡು, ಗುರುತಿನ ಚೀಟಿ ಇರಲಿ. ಫ್ಲ್ಯಾಶ್ ಬೇಡ. ಟ್ರೈಪಾಡ್ ಬೇಡ. ಪತ್ರಕರ್ತರಂತೆ ಕಾಣುವ ಹತ್ತು ಜೇಬಿನ ಜಾಕೆಟ್ಟೂ ಬೇಡ. ನೀವು ಪೇಪರಿನವರು ಅಂತ ಜನ ತಿಳಿದುಕೊಂಡರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವವರಿಗೆ ಒಂದು ಮಾತು: ಅಲ್ಲಿ ಲೆನ್ಸ್ ಬಿಚ್ಚಲೇಬೇಡಿ. ಘಾಟಿನ ಧೂಳು ಸೆನ್ಸರ್ ಮೇಲೆ ಕೂತರೆ ತೆಗೆಯುವುದು ಕಷ್ಟ. ಮೂಗು ಮುಚ್ಚಲು ಒಂದು ಕರವಸ್ತ್ರವೂ ಬೇಕು.

## ಹಂತ 2: ಸೆಟ್ಟಿಂಗ್ ಮನೆಯಲ್ಲೇ ಮುಗಿಸಿ

ಬಜಾರಿನ ನಡುವೆ ನಿಂತು ಮೆನು ತಿರುವುತ್ತಿದ್ದರೆ ಎದುರಿನ ಘಳಿಗೆ ಹೋಗಿಬಿಡುತ್ತದೆ. ತಲೆ ಬಗ್ಗಿಸಿ ಸ್ಕ್ರೀನ್ ನೋಡುತ್ತಿರುವವರ ಮೇಲೆ ಅನುಮಾನವೂ ಜಾಸ್ತಿ. ಅದಕ್ಕೇ ಎಲ್ಲ ಸೆಟ್ಟಿಂಗ್ ಮನೆಯಲ್ಲೇ ಮುಗಿಸಿ.

ಹಗಲಿಗೆ, ಕ್ಯಾಮೆರಾದಲ್ಲಿ: ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/500 ಸೆಕೆಂಡು, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/8, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಆಟೋ, ಅದರ ಮೇಲ್ಮಿತಿ 3200 ಅಥವಾ 6400. ನಡೆಯುವವರಿಗೆ 1/250 ಸಾಕಾಗುತ್ತದೆ. ಆದರೆ ಕೈಬೀಸಿ ಮಾತಾಡುವವರು, ತಕ್ಕಡಿ ಎತ್ತುವವರು, ಸೈಕಲ್ ಮೇಲಿನವರು ಬಂದಾಗ 1/500 ಕಾಪಾಡುತ್ತದೆ.

ಫೋಕಸ್: ಗದ್ದಲದಲ್ಲಿ ಆಟೋ ಫೋಕಸ್ ನಡುವೆ ಹಾದುಹೋದವರ ಹೆಗಲನ್ನು ಹಿಡಿಯುತ್ತದೆ. ಅದಕ್ಕೇ ಮ್ಯಾನುಯಲ್ ಫೋಕಸ್‌ಗೆ ಹಾಕಿ ದೂರವನ್ನು 2.5 ಮೀಟರಿಗೆ ಕಟ್ಟಿಡಿ. ಫುಲ್ ಫ್ರೇಮ್‌ನಲ್ಲಿ 35 ಎಂಎಂ ಲೆನ್ಸ್ ಎಫ್/8ರಲ್ಲಿದ್ದರೆ ಸುಮಾರು 1.7 ಮೀಟರಿನಿಂದ 5 ಮೀಟರಿನವರೆಗೆ ಎಲ್ಲವೂ ಚೊಕ್ಕವಾಗಿ ಬರುತ್ತದೆ. ಕ್ರಾಪ್ ಸೆನ್ಸರ್‌ನಲ್ಲಿ 23 ಎಂಎಂ ಆದರೆ 1.4 ಮೀಟರಿನಿಂದ ಸುಮಾರು 10 ಮೀಟರಿನವರೆಗೆ. ಈ ಮಿತಿಯೊಳಗೆ ಇರುವವರ ಮೇಲೆ ಫೋಕಸ್ ಹುಡುಕುವ ಕೆಲಸವೇ ಇರುವುದಿಲ್ಲ. ಮನೆಯಲ್ಲಿ ಟೇಪು ಹಿಡಿದು 2.5 ಮೀಟರ್ ಅಳೆಯಿರಿ, ಅದು ನಿಮ್ಮ ಎಷ್ಟು ಹೆಜ್ಜೆ ಅಂತ ಎಣಿಸಿಕೊಳ್ಳಿ. ಕಣ್ಣಿಗೆ ಆ ದೂರ ಅಭ್ಯಾಸ ಆಗಬೇಕು.

ಬಿಳಿ ಬಟ್ಟೆ: ಹಳ್ಳಿಯಿಂದ ಬಜಾರಿಗೆ ಬರುವ ಹಿರಿಯರ ಬಿಳಿ ಟೊಪ್ಪಿಗೆ, ಅಂಗಿ, ಧೋತರ ಬಿಸಿಲಲ್ಲಿ ಸುಟ್ಟಂತೆ ಬೆಳ್ಳಗಾಗುತ್ತವೆ. ಹಾಗೆ ಹೋದ ಬಿಳಿಯನ್ನು ಆಮೇಲೆ ಎಡಿಟಿಂಗ್‌ನಲ್ಲಿ ತರಲು ಆಗುವುದಿಲ್ಲ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು ಒಂದು ಸ್ಟಾಪಿನಷ್ಟು, ಅಂದರೆ ಬೆಳಕು ಅರ್ಧ ಆಗುವಷ್ಟು, ಕೆಳಗಿಡಿ. ಮುಖ ಸ್ವಲ್ಪ ಕಪ್ಪಾದರೆ ಪರವಾಗಿಲ್ಲ, ಅದನ್ನು ಎತ್ತಬಹುದು.

ಫೋನಿನಲ್ಲಿ: ಪೋರ್ಟ್ರೇಟ್ ಮೋಡ್, ಬ್ಯೂಟಿ, ನೈಟ್ ಮೋಡ್ ಮೂರನ್ನೂ ಆಫ್ ಮಾಡಿ. ನೈಟ್ ಮೋಡ್ ಹಲವು ಚಿತ್ರಗಳನ್ನು ಸೇರಿಸುವುದರಿಂದ ನಡೆಯುವವರು ದೆವ್ವದ ಥರ ಮಸುಕಾಗುತ್ತಾರೆ. 0.5ರ ಅಗಲ ಲೆನ್ಸ್ ಬೇಡ, ಅಂಚಿನಲ್ಲಿ ನಿಂತವರ ಮುಖ ಅಡ್ಡಡ್ಡ ಎಳೆದಂತಾಗುತ್ತದೆ. ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತವೆ. ಲಾಕ್ ಆದಮೇಲೆ ಬೆಳಕನ್ನು ತುಸು ಕೆಳಗೆ ಜಾರಿಸಿ. ಕ್ಲಿಕ್ ಮಾಡಲು ವಾಲ್ಯೂಮ್ ಬಟನ್ ಬಳಸಿ, ಕೈ ಅಲುಗುವುದು ಕಡಿಮೆ. ಲೆನ್ಸ್ ಒರೆಸಿ. ಜೇಬಿನ ಬೆವರು ಹತ್ತಿದ ಲೆನ್ಸಿನಿಂದ ಎಷ್ಟೋ ಒಳ್ಳೆಯ ಚಿತ್ರಗಳು ಮಂಜಾಗಿರುತ್ತವೆ.

ಸಂಜೆಗೆ: ದೀಪ ಹತ್ತಿದ ಮೇಲೆ ಅಂಗಡಿಗಳ ಎಲ್‌ಇಡಿ ಬಲ್ಬಿನ ಕೆಳಗೆ 1/500ರಲ್ಲಿ ತೆಗೆದರೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಬರಬಹುದು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಇಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/100ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ. ಆ ವೇಗದಲ್ಲಿ ನಡೆಯುವವರು ಅಲುಗಿದಂತೆ ಬರುತ್ತಾರೆ. ಸಂಜೆ ಹೊತ್ತು ನಿಂತವರನ್ನು ಆರಿಸಿಕೊಳ್ಳಿ: ಗಿರಮಿಟ್ ಕಲಸುವವರು, ಮಿರ್ಚಿ ಬರುವುದನ್ನೇ ಕಾಯುತ್ತಿರುವವರು.

## ಹಂತ 3: ಒಂದೇ ಜಾಗ ಆರಿಸಿ, ಅಲ್ಲಿಗೇ ಹೋಗಿ

ಊರೆಲ್ಲ ಸುತ್ತಿದರೆ ಎಲ್ಲ ಕಡೆಯೂ ನೀವು ಹೊಸಬರೇ. ಒಂದು ತಿಂಗಳಿಗೆ ಒಂದು ಬಜಾರು ಸಾಕು. ಅದರಲ್ಲೂ ಎರಡು ಮೂರು ಗಲ್ಲಿ. ದುರ್ಗದ ಬೈಲ್, ಬ್ರಾಡ್‌ವೇ, ದಾಜಿಬಾನ ಪೇಟೆ, ಜನತಾ ಬಜಾರ್ ಇವೆಲ್ಲ ಕಾಲ್ನಡಿಗೆಯ ದೂರದಲ್ಲೇ ಇವೆ. ಇವುಗಳಲ್ಲಿ ಒಂದನ್ನು ಹಿಡಿಯಿರಿ. ನಾನಾದರೆ ಕಾಯಿಪಲ್ಯೆ ಮಾರುವ ಜಾಗದಿಂದ ಶುರು ಮಾಡಿ ಅನ್ನುತ್ತೇನೆ. ಅಲ್ಲಿ ಜನ ಒಂದೆಡೆ ನಿಲ್ಲುತ್ತಾರೆ, ಬಗ್ಗುತ್ತಾರೆ, ಚೌಕಾಸಿ ಮಾಡುತ್ತಾರೆ, ನಗುತ್ತಾರೆ. ಬಟ್ಟೆ ಅಂಗಡಿ ಸಾಲಿನಲ್ಲಿ ಎಲ್ಲರೂ ಸುಮ್ನೆ ನಡೆದು ಹೋಗುತ್ತಿರುತ್ತಾರೆ.

ಹೊತ್ತು: ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮುಂಚಿನ ಎರಡು ಗಂಟೆ. ಏಪ್ರಿಲ್ ಕೊನೆಗೆ ಮತ್ತು ಮೇ ಶುರುವಿಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಕಣ್ಣಿನ ಕುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ, ಮುಖಗಳೆಲ್ಲ ದಣಿದಂತೆ ಕಾಣುತ್ತವೆ. ಮಳೆಗಾಲದ ಮೋಡದ ಬೆಳಕಲ್ಲಿ ಇಡೀ ದಿನ ತೆಗೆಯಬಹುದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಛತ್ರಿಗಳ ಸಾಲು ಸಿಗುವುದು ಬೇರೆ.

ಕಲಿಯುವವರು ಹಬ್ಬದ ದಿನ ಹೋಗಬೇಡಿ. ಹುಬ್ಬಳ್ಳಿಯ ರಂಗಪಂಚಮಿ, ಶಿವರಾತ್ರಿ ಹೊತ್ತಿನ ಸಿದ್ಧಾರೂಢರ ಜಾತ್ರೆ ಫೋಟೋಗೆ ಸುಲಭ ಅನಿಸುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಎಲ್ಲರ ಕೈಯಲ್ಲೂ ಫೋನು, ಎಲ್ಲರ ಚಿತ್ರವೂ ಒಂದೇ. ಜನರ ಜೊತೆ ಮಾತಾಡುವುದನ್ನು ಕಲಿಯುವ ಅವಕಾಶವೂ ಅಲ್ಲಿ ಸಿಗುವುದಿಲ್ಲ.

ರೈಲ್ವೆ ಸ್ಟೇಷನ್ ಕೂಡ ಸದ್ಯಕ್ಕೆ ಬೇಡ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ನೋಡಿದರೆ ಆಸೆಯಾಗುವುದು ನಿಜ. ಅಲ್ಲಿ ರೈಲ್ವೆಯ ನಿಯಮ ನಡೆಯುತ್ತದೆ, ಮೊದಲೇ ಕೇಳಿಕೊಂಡು ಹೋಗಬೇಕು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಒಳಗೂ ತೆಗೆಯಬೇಡಿ. ಸೀಟಿನಲ್ಲಿ ಕೂತವರಿಗೆ ನಿಮ್ಮಿಂದ ದೂರ ಸರಿಯಲು ಜಾಗ ಇರುವುದಿಲ್ಲ. ಎದ್ದು ಹೋಗಲು ಆಗದವರ ಮುಂದೆ ಕ್ಯಾಮೆರಾ ಹಿಡಿಯುವುದು ಅನ್ಯಾಯ.

## ಹಂತ 4: ಕ್ಯಾಮೆರಾ ಕಾಣಲಿ, ಆದರೆ ಎತ್ತಬೇಡಿ

ಎಲ್ಲರೂ ಹಾರಿಸುವ ಹಂತ ಇದೇ. ಉಳಿದದ್ದೆಲ್ಲ ನಿಂತಿರುವುದೂ ಇದರ ಮೇಲೆಯೇ.

ಬಜಾರಿಗೆ ಹೋದ ಮೊದಲ ಅರ್ಧ ಗಂಟೆ ಒಂದೂ ಫೋಟೋ ತೆಗೆಯಬೇಡಿ. ಕ್ಯಾಮೆರಾ ಎದೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇರಲಿ. ಫೋನಾದರೆ ಕೈಯಲ್ಲಿರಲಿ. ಒಂದು ಚಹಾ ಕುಡಿಯಿರಿ. ಗಲ್ಲಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆಯಿರಿ, ಮತ್ತೆ ವಾಪಸ್ ಬನ್ನಿ. ಯಾರಾದರೂ ನೋಡಿದರೆ ಕಣ್ಣು ತಪ್ಪಿಸಬೇಡಿ, ತಲೆ ಆಡಿಸಿ. ಬೇಕಾದದ್ದು ಏನಾದರೂ ಇದ್ದರೆ ಕೊಳ್ಳಿ. ಮೊದಲ ಸುತ್ತಿನಲ್ಲಿ ಎಲ್ಲರ ಕಣ್ಣು ನಿಮ್ಮ ಮೇಲೆ ಇರುತ್ತದೆ. ಆಮೇಲೆ ಅವರಿಗೆ ಅವರ ಗಿರಾಕಿಗಳೇ ಮುಖ್ಯ.

ಇಲ್ಲಿ ಆಗುವ ದೊಡ್ಡ ತಪ್ಪು ಅಂದರೆ ಅಡಗುವುದು. ಕಂಬದ ಹಿಂದೆ ನಿಲ್ಲುವುದು, ಸೊಂಟದ ಹತ್ತಿರ ಫೋನ್ ಇಟ್ಟು ಎತ್ತಲೋ ನೋಡುತ್ತಾ ಕ್ಲಿಕ್ ಮಾಡುವುದು, ಮಾತಾಡುವ ನಾಟಕ ಮಾಡುತ್ತಾ ಫೋನ್ ತಿರುಗಿಸುವುದು. ಇದನ್ನು ಜಾಣತನ ಅಂತ ಕಲಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಜಾರಿನ ಜನ ಇಡೀ ದಿನ ಗಿರಾಕಿಗಳ ಕೈ ಕಣ್ಣು ನೋಡುತ್ತಲೇ ವ್ಯಾಪಾರ ಮಾಡುವವರು. ಅವರಿಗೆ ತಕ್ಷಣ ಗೊತ್ತಾಗುತ್ತದೆ. ಒಮ್ಮೆ ಗೊತ್ತಾದರೆ ಆ ಗಲ್ಲಿಯಲ್ಲಿ ನಿಮ್ಮ ಕೆಲಸ ಮುಗಿಯಿತು. ನಿಮ್ಮ ನಂತರ ಬರುವವರದ್ದೂ ಮುಗಿಯಿತು.

## ಹಂತ 5: ವೇದಿಕೆ ಮೊದಲು, ಪಾತ್ರ ಆಮೇಲೆ

ಜನರ ಹಿಂದೆ ಓಡಬೇಡಿ. ಒಳ್ಳೆಯ ಬೆಳಕು ಬಿದ್ದ, ಹಿನ್ನೆಲೆ ಚೊಕ್ಕ ಇರುವ ಜಾಗ ಹುಡುಕಿ ಅಲ್ಲಿ ನಿಲ್ಲಿ. ಜನ ತಾವಾಗಿಯೇ ಬರುತ್ತಾರೆ.

ಮೊದಲು ಬೆಳಕು. ಫೋನಿನ ದಿಕ್ಸೂಚಿಯಲ್ಲಿ ಗಲ್ಲಿ ಯಾವ ಕಡೆಗೆ ಮುಖ ಮಾಡಿದೆ ನೋಡಿ. ಪೂರ್ವ-ಪಶ್ಚಿಮದ ಗಲ್ಲಿಯಲ್ಲಿ ಬೆಳಿಗ್ಗೆ ಸಂಜೆ ಬಿಸಿಲು ಉದ್ದಕ್ಕೂ ಹರಿಯುತ್ತದೆ. ಉತ್ತರ-ದಕ್ಷಿಣದ ಗಲ್ಲಿಯಲ್ಲಿ ಒಂದು ಬದಿ ಬಿಸಿಲು, ಇನ್ನೊಂದು ಬದಿ ನೆರಳು. ಆ ಎರಡರ ನಡುವಿನ ಗೆರೆ ನಿಮಗೆ ಬೇಕಾದ ಜಾಗ. ನೆರಳಿನೊಳಗೆ ಒಂದು ಹೆಜ್ಜೆ ಇಟ್ಟವರ ಮುಖದ ಮೇಲೆ ಎದುರಿನ ಗೋಡೆಯಿಂದ ಮೆತ್ತನೆಯ ಬೆಳಕು ಬೀಳುತ್ತದೆ.

ಒಂದು ಕಾಟ ಇದೆ: ತಾಡಪತ್ರಿ. ಬಜಾರಿನಲ್ಲಿ ನೀಲಿ, ಕೆಂಪು, ಹಳದಿ ತಾಡಪತ್ರಿ ಕಟ್ಟಿರುತ್ತಾರೆ. ಅದರ ಕೆಳಗೆ ಕೂತವರ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕಣ್ಣು ಅದನ್ನು ಸರಿಮಾಡಿಕೊಂಡು ನೋಡುವುದರಿಂದ ಸ್ಥಳದಲ್ಲಿ ಗೊತ್ತಾಗುವುದಿಲ್ಲ. ಮನೆಗೆ ಬಂದು ನೋಡಿದರೆ ಅಜ್ಜಿಯ ಮುಖ ನೀಲಿ. ವೈಟ್ ಬ್ಯಾಲೆನ್ಸ್ (ಬಣ್ಣ ಸರಿಮಾಡುವ ಸೆಟ್ಟಿಂಗ್) ತಿರುಗಿಸಿದರೆ ಮುಖ ಸರಿಹೋಗಿ ಹಿಂದಿನ ರಸ್ತೆ ಕಿತ್ತಳೆ ಆಗುತ್ತದೆ. ಅದಕ್ಕೇ ತಾಡಪತ್ರಿಯ ಅಂಚಿನಲ್ಲಿ, ಹೊರಗಿನ ಬೆಳಕು ಮುಖಕ್ಕೆ ಬೀಳುವಲ್ಲಿ ಕೂತವರನ್ನೇ ಆರಿಸಿ. ಇಲ್ಲವೇ ಆ ಚಿತ್ರವನ್ನು ಕಪ್ಪು ಬಿಳುಪಿಗೆ ಇಟ್ಟುಕೊಳ್ಳಿ.

ಆಮೇಲೆ ಹಿನ್ನೆಲೆ. ತಲೆಯ ಹಿಂದೆ ಕಂಬ, ಬೋರ್ಡಿನ ದೊಡ್ಡ ಅಕ್ಷರ, ಬಿಳಿ ಆಕಾಶ, ನಿಂತ ಆಟೋ ಇರಬಾರದು. ನೀವೇ ಎರಡು ಹೆಜ್ಜೆ ಸರಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಉಳಿದರ್ಧಕ್ಕೆ ಸ್ವಲ್ಪ ಬಗ್ಗಿ ನೋಡಿ. ನೆಲದ ಮೇಲೆ ಕೂತು ಮಾರುವವರನ್ನು ನಿಂತು ತೆಗೆದರೆ ಬರೀ ನೆತ್ತಿ ಬರುತ್ತದೆ. ಮೊಣಕಾಲೂರಿ ಅವರ ಕಣ್ಣಿನ ಮಟ್ಟಕ್ಕೆ ಬನ್ನಿ. ಎದುರಿಗೆ ಹಾಗೆ ಕೂತವರ ಜೊತೆ ಅವರ ಮಾತೂ ಮೆತ್ತಗಾಗುತ್ತದೆ.

## ಹಂತ 6: ಹತ್ತಿರ ಹೋಗಿ, ಎರಡು ಸಲ ಕ್ಲಿಕ್ ಮಾಡಿ

ಈಗ ಕ್ಯಾಮೆರಾ ಎತ್ತಿ. ಮುಖದ ಮುಂದೆ ಎತ್ತಿ, ಎಲ್ಲರಿಗೂ ಕಾಣಲಿ. ದೂರ ಎರಡೂವರೆ ಮೀಟರ್. ಹೊಸಬರು ಆರೇಳು ಮೀಟರಿನಲ್ಲೇ ನಿಂತುಬಿಡುತ್ತಾರೆ.

ಜಾಗದಲ್ಲಿ ನಿಂತು ಕಾಯುತ್ತಿರುವಾಗ ಕ್ಯಾಮೆರಾ ಮೊದಲೇ ಕಣ್ಣಿಗೆ ಹಿಡಿದಿರಿ. ಯಾರೋ ಬಂದಾಗ ಗಬಕ್ಕನೆ ಎತ್ತಿದರೆ ಅವರು ಬೆಚ್ಚುತ್ತಾರೆ. ಎತ್ತಿ ಹಿಡಿದಲ್ಲಿಗೆ ಅವರೇ ನಡೆದು ಬಂದರೆ, ಬೇಡ ಅನಿಸಿದವರು ಆಚೆಯಿಂದ ಹೋಗಬಹುದು. ಆ ಆಯ್ಕೆ ಅವರಿಗೆ ಇರಲಿ.

ಒಂದು ಘಳಿಗೆಗೆ ಎರಡು ಮೂರು ಕ್ಲಿಕ್ ಸಾಕು. ಮೊದಲನೆಯದರಲ್ಲಿ ಕಣ್ಣು ಮುಚ್ಚಿರಬಹುದು, ಕೈ ಮುಖಕ್ಕೆ ಅಡ್ಡ ಇರಬಹುದು. ಬಟನ್ ಒತ್ತಿ ಹಿಡಿದುಕೊಂಡು ಇಪ್ಪತ್ತು ಹೊಡೆದರೆ ಆ ಸದ್ದಿಗೇ ಜನ ತಿರುಗುತ್ತಾರೆ. ಕ್ಲಿಕ್ ಆದ ಕೂಡಲೇ ಸ್ಕ್ರೀನ್ ನೋಡಲು ತಲೆ ಬಗ್ಗಿಸಬೇಡಿ. ಅವರ ಕಡೆ ನೋಡಿ, ಒಂದು ನಗು ಕೊಡಿ, ತಲೆ ಆಡಿಸಿ. ಕೈಗಳು, ತಕ್ಕಡಿ, ನೋಟು ಬದಲಾಗುವ ಕ್ಷಣ ಇವನ್ನು ನೋಡುತ್ತಿರಿ. ಮುಖದಷ್ಟೇ ಕೈಯೂ ಮಾತಾಡುತ್ತದೆ.

## ಹಂತ 7: ಕೇಳಿ ತೆಗೆಯುವುದು

ನಡೆದು ಹೋಗುವ ಗುಂಪಿಗೆ ಒಬ್ಬೊಬ್ಬರನ್ನೂ ಕೇಳಲು ಆಗುವುದಿಲ್ಲ. ಆದರೆ ಒಬ್ಬರೇ ಚಿತ್ರದ ಮುಖ್ಯ ವ್ಯಕ್ತಿ ಆಗಿದ್ದರೆ ಕೇಳಿ. ಕೂತು ವ್ಯಾಪಾರ ಮಾಡುವವರನ್ನು ಯಾವಾಗಲೂ ಕೇಳಿ. ನಾಳೆ ನೀವು ಮತ್ತೆ ಅಲ್ಲಿಗೇ ಬರಬೇಕಲ್ವಾ?

ಕೇಳುವುದನ್ನು ಮೂರು ಸಣ್ಣ ಮಾತಿನಲ್ಲಿ ಮುಗಿಸಿ: ನೀವು ಯಾರು, ಏನು ಮಾಡುತ್ತಿದ್ದೀರಿ, ಅವರಿಂದ ಏನು ಬೇಕು. ಗಿರಾಕಿ ಇಲ್ಲದ ಹೊತ್ತು ನೋಡಿ ಹೋಗಿ. ಹೀಗೆ:

"ನಮಸ್ಕಾರ್ರಿ ಕಾಕಾ. ನಾ ಇಲ್ಲೇ ವಿದ್ಯಾನಗರದಾಂವ. ಬಜಾರದಾಗಿನ ಮಂದಿ ಫೋಟೋ ತಗ್ಯಾಕತ್ತೇನಿ. ನಿಮ್ದೊಂದು ತಗೋಲೇನ್ರಿ?"

ವಯಸ್ಸು ನೋಡಿ ಕರೆಯಿರಿ. ಹಿರಿಯರಿಗೆ ಅಜ್ಜಾರ, ಕಾಕಾ, ಯಜಮಾನ್ರ. ಹೆಂಗಸರಿಗೆ ಅಕ್ಕಾರ, ಅವ್ವಾರ. ನಿಮ್ಮ ವಯಸ್ಸಿನವರಿಗೆ ಅಣ್ಣಾರ. ಎಲ್ಲರಿಗೂ 'ರಿ' ಹಚ್ಚಿ. "ಎಕ್ಸ್‌ಕ್ಯೂಸ್ ಮಿ" ಅಂತ ಶುರು ಮಾಡಿದರೆ ಅರ್ಧ ಜನ ಯಾರೋ ಆಫೀಸಿನವರು ಬಂದರು ಅಂತಲೇ ಭಾವಿಸುತ್ತಾರೆ.

ಆಮೇಲೆ ಪ್ರಶ್ನೆಗಳು ಬರುತ್ತವೆ. "ಯಾಕ್ರಿ, ಪೇಪರಿಗೆ ಹಾಕ್ತೀರೇನು?" "ಕಾರ್ಪೊರೇಷನ್ದಾವ್ರೇನ್ರಿ?" ಎರಡನೆಯ ಪ್ರಶ್ನೆಯ ಹಿಂದೆ ನಿಜವಾದ ಭಯ ಇದೆ. ರಸ್ತೆ ಬದಿ ಕೂತವರಿಗೆ ಫೋಟೋ ಅಂದರೆ ಜಾಗ ಎಬ್ಬಿಸುವ ಮೊದಲಿನ ದಾಖಲೆ ಇರಬಹುದು ಅನಿಸುತ್ತದೆ. ಅದನ್ನು ನಕ್ಕು ತಳ್ಳಿಹಾಕಬೇಡಿ. ಕಾರ್ಪೊರೇಷನ್‌ಗೂ ನಿಮಗೂ ಸಂಬಂಧ ಇಲ್ಲ ಅಂತ ಸ್ಪಷ್ಟವಾಗಿ ಹೇಳಿ. ಈಗಾಗಲೇ ತೆಗೆದ ನಾಲ್ಕು ಚಿತ್ರ ತೋರಿಸಿ. ಇನ್‌ಸ್ಟಾಗ್ರಾಂನಲ್ಲಿ ಹಾಕುವವರಿದ್ದರೆ ಹಾಕುತ್ತೇನೆ ಅಂತಲೇ ಹೇಳಿ. ಸುಳ್ಳು ಹೇಳಿ ಒಪ್ಪಿಸಿದ ಚಿತ್ರವನ್ನು ಅವರ ಮಗನೇ ನಾಳೆ ಫೋನಿನಲ್ಲಿ ನೋಡುತ್ತಾನೆ.

ಒಪ್ಪಿದ ಮೇಲೆ ಇನ್ನೊಂದು ತೊಂದರೆ. ಜನ ನೆಟ್ಟಗೆ ನಿಂತು, ನಗು ಬಿಟ್ಟು, ಆಧಾರ್ ಕಾರ್ಡಿಗೆ ಕೊಡುವ ಮುಖ ಮಾಡುತ್ತಾರೆ. ಆ ಚಿತ್ರವನ್ನೂ ಬೇಸರ ಇಲ್ಲದೆ ತೆಗೆಯಿರಿ, ಅವರಿಗೆ ತೋರಿಸಿ. ಅದು ಅವರಿಗೆ ಇಷ್ಟವಾದ ಚಿತ್ರ. ನಂತರ ಅಲ್ಲೇ ನಿಂತು ಮಾತು ಮುಂದುವರಿಸಿ: ಮಾಲು ಎಲ್ಲಿಂದ ಬಂತು, ಇವತ್ತು ರೇಟು ಎಷ್ಟು. ಗಿರಾಕಿ ಬರುತ್ತಾರೆ, ಅವರು ಕೆಲಸಕ್ಕೆ ತಿರುಗುತ್ತಾರೆ, ಕೈ ತಕ್ಕಡಿಗೆ ಹೋಗುತ್ತದೆ. ನಿಮ್ಮ ಚಿತ್ರ ಆಗ ಸಿಗುತ್ತದೆ. ಒಪ್ಪಿಗೆ ಆಗಲೇ ಇದೆ, ಹತ್ತಿರವೂ ಇದ್ದೀರಿ.

ಫೋಟೋಗೆ ದುಡ್ಡು ಕೊಡಬೇಡಿ. ಒಬ್ಬರಿಗೆ ಕೊಟ್ಟರೆ ಪಕ್ಕದವರಿಗೆ ಏನು ಹೇಳುತ್ತೀರಿ? ಬದಲಿಗೆ ಅವರ ಹತ್ತಿರ ಕೊತ್ತಂಬರಿಯೋ ನಿಂಬೆಹಣ್ಣೋ ಕೊಳ್ಳಿ. ಚೌಕಾಸಿ ಮಾಡದೆ ಕೊಳ್ಳಿ.

## ಹಂತ 8: "ಬ್ಯಾಡ" ಮತ್ತು ಅದಕ್ಕೂ ಮುಂಚಿನ ಸೂಚನೆಗಳು

"ಬ್ಯಾಡ್ರಿ" ಅಂದರೆ ಅಲ್ಲಿಗೆ ಮುಗಿಯಿತು. "ಆತ್ರಿ, ಪರವಾಗಿಲ್ಲ" ಅಂತ ಹೇಳಿ ಮುಂದೆ ಹೋಗಿ. ಎರಡನೇ ಸಲ ಕೇಳಬೇಡಿ.

ಬಾಯಿಬಿಟ್ಟು ಹೇಳದೆಯೂ ಜನ ಬೇಡ ಅನ್ನುತ್ತಾರೆ. ಸೆರಗು ಮುಖಕ್ಕೆ ಎಳೆದವರು, ಬೆನ್ನು ತಿರುಗಿಸಿದವರು, ತಲೆ ಬಗ್ಗಿಸಿ ಚೀಲದಲ್ಲಿ ಏನೋ ಹುಡುಕಲು ಶುರು ಮಾಡಿದವರು ಉತ್ತರ ಕೊಟ್ಟಾಗಿದೆ. ಅವರು ಮತ್ತೆ ತಿರುಗಲಿ ಅಂತ ಕಾಯುತ್ತಾ ನಿಲ್ಲಬೇಡಿ.

ತೆಗೆದ ಮೇಲೆ "ಡಿಲೀಟ್ ಮಾಡ್ರಿ" ಅಂದರೆ ಅವರ ಎದುರಿಗೇ ಅಳಿಸಿ. ಫೋನಿನಲ್ಲಾದರೆ ಟ್ರ್ಯಾಶ್ ಫೋಲ್ಡರಿನಿಂದಲೂ ಅಳಿಸಿ ತೋರಿಸಿ, ಇಲ್ಲದಿದ್ದರೆ ಅದು ಇನ್ನೂ ಹಲವು ದಿನ ಅಲ್ಲೇ ಇರುತ್ತದೆ. ಕಾನೂನು ಮಾತಾಡಬೇಡಿ. ಯಾವ ಚಿತ್ರವೂ ಬಜಾರಿನ ಜಗಳಕ್ಕೆ ಯೋಗ್ಯವಲ್ಲ.

ಇನ್ನು ಎಚ್ಚರದ ಗುರುತುಗಳು. ಇವು ಕಂಡರೆ ಕ್ಯಾಮೆರಾ ಕೆಳಗಿಳಿಸಿ:

- ಒಬ್ಬರೇ ವ್ಯಕ್ತಿ ನೀವು ಹೋದಲ್ಲೆಲ್ಲ ಕಾಣುತ್ತಿದ್ದಾರೆ.
- ಯಾರೋ ನಿಮ್ಮನ್ನೇ ನೋಡುತ್ತಾ ಫೋನಿನಲ್ಲಿ ಮಾತಾಡುತ್ತಿದ್ದಾರೆ.
- ಅಂಗಡಿಯವರು ಗಲ್ಲಾ ಬಿಟ್ಟು ಎದ್ದು ಬಂದಿದ್ದಾರೆ.
- ಮಕ್ಕಳ ಗುಂಪು ಸುತ್ತುವರಿದಿದೆ, ದೊಡ್ಡವರು ದೂರದಲ್ಲಿ ನಿಂತು ನೋಡುತ್ತಿದ್ದಾರೆ.
- ಸುತ್ತಲಿನ ಮಾತು ತಟ್ಟನೆ ಕಡಿಮೆಯಾಗಿದೆ.

ಆಗ ಓಡಬೇಡಿ, ಬೇಗಬೇಗ ನಡೆಯಲೂ ಬೇಡಿ. ಯಾರು ಹೆಚ್ಚು ಗಮನಿಸುತ್ತಿದ್ದಾರೋ ಅವರ ಹತ್ತಿರವೇ ನೀವಾಗಿ ಹೋಗಿ. ಹೆಸರು ಹೇಳಿ, ಚಿತ್ರಗಳನ್ನು ತೋರಿಸಿ. ಅವರು ಕೇಳುವ ಮುಂಚೆ ನೀವೇ ಹೇಳಿದರೆ ಹತ್ತಕ್ಕೆ ಒಂಬತ್ತು ಸಲ ಅಲ್ಲಿಗೇ ತಣ್ಣಗಾಗುತ್ತದೆ. ತಣ್ಣಗಾಗದಿದ್ದರೆ ಗೊತ್ತಿರುವ ಅಂಗಡಿಯೊಳಗೆ ಹೋಗಿ ನಿಲ್ಲಿ. ಚಹಾ ಅಂಗಡಿಯವರ ಪರಿಚಯ ಇಂಥ ಹೊತ್ತಿಗೂ ಬೇಕಾಗುತ್ತದೆ. ಆ ದಿನ ಮತ್ತೆ ತೆಗೆಯಬೇಡಿ.

ಪೊಲೀಸರು ಕೇಳಿದರೆ ಗುರುತಿನ ಚೀಟಿ ಕೊಡಿ, ಏನು ಮಾಡುತ್ತಿದ್ದೀರಿ ಹೇಳಿ. ಊರಿನಲ್ಲಿ ಬಂದೋಬಸ್ತ್ ಇರುವ ದಿನ, ಯಾವುದಾದರೂ ಗಲಾಟೆಯ ಮರುದಿನ, ಮೆರವಣಿಗೆಯ ದಿನ ಹೋಗಲೇಬೇಡಿ.

## ಹಂತ 9: ಯಾರನ್ನು ಬಿಡಬೇಕು

ಮಕ್ಕಳು. ತಂದೆ ತಾಯಿ ಜೊತೆಗಿದ್ದು ಒಪ್ಪಿದರೆ ಮಾತ್ರ ತೆಗೆಯಿರಿ. ಒಂಟಿ ಮಕ್ಕಳನ್ನು ಬೇಡ. ಚಾಕಲೇಟು ಕೊಡುವುದಂತೂ ಬೇಡವೇ ಬೇಡ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕಲೇಟು ಹಂಚಿದ ಯುವಕರನ್ನು ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿಸಿ ಜನ ಹೊಡೆದರು. ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತೇಹೋದ. ಒಳ್ಳೆಯ ಮನಸ್ಸಿದ್ದರೂ ಇಂಥದ್ದು ಆಗುತ್ತದೆ. ಕೆಲಸ ಮಾಡುತ್ತಿರುವ, ಭಿಕ್ಷೆ ಬೇಡುತ್ತಿರುವ ಮಕ್ಕಳ ಗುರುತು ತೋರಿಸಬೇಡಿ. ರಕ್ಷಣೆ ಬೇಕಿರುವ ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ.

ಹೆಂಗಸರು. ಗಂಡಸರು ತೆಗೆಯುವುದಾದರೆ ಕೇಳಿಯೇ ತೆಗೆಯಿರಿ. ಬೇಡ ಅಂದವರ ಹಿಂದೆ ಹೋಗಿ ಮತ್ತೆ ಮತ್ತೆ ಮಾತಾಡಿಸಲು ನೋಡುವುದು, ಖಾಸಗಿ ಸ್ಥಿತಿಯಲ್ಲಿರುವವರ ಚಿತ್ರ ತೆಗೆಯುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77 ಮತ್ತು 78ನೇ ಕಲಂ ಇದಕ್ಕಾಗಿಯೇ ಇವೆ. ಮಾರಲು ಕೂತ ಹೆಂಗಸರು ಎಷ್ಟೋ ಸಲ ಖುಷಿಯಿಂದ ಒಪ್ಪುತ್ತಾರೆ. ತಗ್ಗಿ ಎತ್ತುವಾಗ, ಸೆರಗು ಸರಿಮಾಡಿಕೊಳ್ಳುವಾಗ ಕ್ಯಾಮೆರಾ ಕೆಳಗಿರಲಿ. ಹೆಣ್ಣುಮಕ್ಕಳು ಫೋಟೋ ತೆಗೆಯಲು ಹೋಗುವುದಾದರೆ ಮೊದಲ ಕೆಲವು ಸಲ ಜೊತೆಗೆ ಒಬ್ಬರಿರಲಿ. ಒಬ್ಬರು ತೆಗೆಯುವಾಗ ಇನ್ನೊಬ್ಬರು ಸುತ್ತ ನೋಡುತ್ತಿರಲಿ.

ಕಷ್ಟದಲ್ಲಿರುವವರು. ಆಸ್ಪತ್ರೆ ಗೇಟಿನಲ್ಲಿ ಅಳುತ್ತಿರುವವರು, ಕುಡಿದು ಬಿದ್ದವರು, ರಸ್ತೆ ಮೇಲೆ ಮಲಗಿದವರು, ಭಿಕ್ಷುಕರು. ಹೊಸಬರ ಆಲ್ಬಮ್‌ಗಳಲ್ಲಿ ಇವರೇ ಜಾಸ್ತಿ. ಕಾರಣ ಸರಳ: ಇವರು ಎದುರು ಮಾತಾಡುವುದಿಲ್ಲ. ಅದೇ ಕಾರಣಕ್ಕೆ ಬಿಡಿ.

ಸಾರ್ವಜನಿಕ ರಸ್ತೆಯಲ್ಲಿ ಫೋಟೋ ತೆಗೆಯುವುದನ್ನು ಒಟ್ಟಾರೆ ತಡೆಯುವ ಕಾನೂನು ಇಲ್ಲ. ಆದರೆ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಅಂತ ಹೇಳಿತು. ಆ ಅರ್ಜಿ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ರಸ್ತೆಗೆ ಬಂದ ಮಾತ್ರಕ್ಕೆ ಮನುಷ್ಯ ಎಲ್ಲವನ್ನೂ ಬಿಟ್ಟುಕೊಟ್ಟು ಬಂದಿರುವುದಿಲ್ಲ. ಜಾಹೀರಾತಿಗೆ, ವ್ಯಾಪಾರಕ್ಕೆ ಒಬ್ಬರ ಮುಖ ಬಳಸುವುದಾದರೆ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

## ಹಂತ 10: ಮನೆಗೆ ಬಂದ ಮೇಲೆ

ಅವತ್ತೇ ಆರಿಸಬೇಡಿ. ಕಾಪಿ ಮಾಡಿಟ್ಟು ಎರಡು ದಿನ ಬಿಡಿ. ತೆಗೆದಾಗಿನ ಗುಂಗು ಇಳಿದ ಮೇಲೆ ಕಣ್ಣು ಸರಿಯಾಗಿ ನೋಡುತ್ತದೆ. ನೂರರಲ್ಲಿ ಒಂದೆರಡು ಉಳಿದರೆ ಒಳ್ಳೆಯ ದಿನ.

ಉಳಿಯದವುಗಳನ್ನೂ ನೋಡಿ, ಕಾರಣ ಅಲ್ಲೇ ಇರುತ್ತದೆ. ಜಾಸ್ತಿ ಬೆನ್ನುಗಳೇ ಇದ್ದರೆ ನೀವು ಜನರ ಹಿಂದೆ ನಡೆದಿದ್ದೀರಿ, ಹಂತ 5ಕ್ಕೆ ಹೋಗಿ. ಎಲ್ಲ ಮುಖಗಳೂ ನಿಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದರೆ ಹಂತ 4 ಹಾರಿಸಿದ್ದೀರಿ. ಮುಖ ಮಸುಕಾಗಿ ಹಿಂದಿನ ಗೋಡೆ ಚೊಕ್ಕ ಇದ್ದರೆ ಫೋಕಸ್ ತಪ್ಪಿದೆ. ಮುಖ, ಕೈ ಎರಡೂ ಎಳೆದಂತೆ ಇದ್ದು ಗೋಡೆ ಚೊಕ್ಕ ಇದ್ದರೆ ಶಟರ್ ನಿಧಾನ. ಗೋಡೆಯೂ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಜನರೆಲ್ಲ ಚಿತ್ರದ ನಡುವೆ ಸಣ್ಣಗೆ ಕಂಡರೆ ಇನ್ನೂ ಎರಡು ಹೆಜ್ಜೆ ಮುಂದೆ ಹೋಗಬೇಕಿತ್ತು.

ಎಡಿಟಿಂಗ್ ಕಡಿಮೆ ಇರಲಿ. ಬೆಳಕು, ಬಣ್ಣ, ಸ್ವಲ್ಪ ಕ್ರಾಪ್. ಚರ್ಮ ನುಣುಪು ಮಾಡಬೇಡಿ. ಆ ಸುಕ್ಕುಗಳನ್ನು ನೋಡಿಯೇ ಅಲ್ವಾ ನೀವು ನಿಂತಿದ್ದು.

ಚಿತ್ರವನ್ನು ಆನ್‌ಲೈನ್‌ನಲ್ಲಿ ಹಾಕುವಾಗ ಲೊಕೇಶನ್ ತೆಗೆದುಹಾಕಿ. ಅಂಗಡಿಯ ಬೋರ್ಡು, ಗಾಡಿ ನಂಬರು ಕಾಣುತ್ತಿದೆಯೇ ನೋಡಿ. ಅವರ ಬಾಯಲ್ಲಿ ಇಲ್ಲದ ಮಾತನ್ನು ಶೀರ್ಷಿಕೆಯಲ್ಲಿ ಹಾಕಬೇಡಿ. ನಿಂಬೆಹಣ್ಣು ಮಾರುವ ಅಜ್ಜಿಯ ಕೆಳಗೆ "ಬಡತನದ ನಗು" ಅಂತ ಬರೆಯಲು ನಿಮಗೆ ಯಾರೂ ಅನುಮತಿ ಕೊಟ್ಟಿಲ್ಲ. ಅವರು ಸಂಜೆಗೆ ಲೆಕ್ಕ ಹಾಕಿ ಮನೆಗೆ ಹೋಗುವ ವ್ಯಾಪಾರಸ್ಥರು. ಜಾಗ, ತಿಂಗಳು ಬರೆದರೆ ಸಾಕು. ಯಾರಾದರೂ ಆಮೇಲೆ ಹಾಕಿದ ಚಿತ್ರ ತೆಗೆದುಹಾಕಿ ಅಂದರೆ ಪ್ರಶ್ನೆ ಮಾಡದೆ ತೆಗೆದುಹಾಕಿ.

## ಹಂತ 11: ಪ್ರಿಂಟ್ ಕೊಟ್ಟು ಬನ್ನಿ

ಕೇಳಿ ತೆಗೆದ ಪ್ರತಿಯೊಬ್ಬರಿಗೂ 4×6 ಇಂಚಿನ ಪ್ರಿಂಟ್ ಹಾಕಿಸಿ. ಊರಿನ ಯಾವ ಸ್ಟುಡಿಯೋದಲ್ಲೂ ಮಾಡಿಕೊಡುತ್ತಾರೆ. ವಾಟ್ಸಾಪ್‌ನಲ್ಲಿ ಕಳಿಸುವುದು ಸುಲಭ, ಆದರೆ ಅದಕ್ಕೆ ನಂಬರು ಕೇಳಬೇಕು. ಹೆಂಗಸರ ನಂಬರು ಕೇಳುವುದು ಚೆನ್ನಾಗಿರುವುದಿಲ್ಲ.

ಯಾವ ಪ್ರಿಂಟ್ ಕೊಡಬೇಕು? ಅವರು ನೆಟ್ಟಗೆ ನಿಂತು ಕೊಟ್ಟ ಮುಖದ್ದು. ನಿಮಗೆ ಇಷ್ಟವಾದದ್ದನ್ನು ಜೊತೆಗೆ ಕೊಡಿ. ಕೊಡುವುದು ಒಂದು ವಾರದೊಳಗೆ ಆಗಲಿ. ತಡವಾದರೆ "ತಗೊಂಡು ಹೋದ್ರು, ಕೊಡಲಿಲ್ಲ" ಅನ್ನುವ ಮಾತು ಗಲ್ಲಿಯಲ್ಲಿ ಓಡಾಡುತ್ತದೆ. ಅವರು ಅವತ್ತು ಬಂದಿಲ್ಲದಿದ್ದರೆ ಪಕ್ಕದವರ ಕೈಗೆ ಕೊಡಬೇಡಿ, ಯಾವ ದಿನ ಬರುತ್ತಾರೆ ಕೇಳಿಕೊಂಡು ಮತ್ತೆ ಹೋಗಿ. ಪ್ರಿಂಟ್ ನೋಡಲು ಅಕ್ಕಪಕ್ಕದವರು ಸೇರುತ್ತಾರೆ, "ನಮ್ದ್ಯಾವಾಗ್ರಿ?" ಅಂತ ಯಾರಾದರೂ ಕೇಳುತ್ತಾರೆ. ಆ ಹೊತ್ತಿಗೆ ಕ್ಯಾಮೆರಾ ಚಾರ್ಜ್ ಆಗಿರಲಿ, ಕಾರ್ಡಿನಲ್ಲಿ ಜಾಗ ಇರಲಿ.